ಗಚ್ಚಿಗೆ ಬಿದ್ದ ಬೆಲ್ಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಮದುವೆಯ ಗೊಡವೆಗೆ ನಾನು ಹೋಗಲಿಲ್ಲ. ಮನೆಯನ್ನು ನಮ್ಮಜ್ಜ ಕಟ್ಟಿಟ್ಟು ಹೋಗಿದ್ದ. ಹೀಗಾಗಿ ಎರಡೂ ಕಂಟಕಗಳಿಂದ ಪಾರಾದ ಪುಣ್ಯಶಾಲಿ ನಾನು ಎಂದು ಅರವತ್ತು ವರ್ಷ ಬೀಗುತ್ತ ಬದುಕಿದೆ. ಆದರೆ ಹಿರಿಯರು ಮೂರನೆಯದೊಂದನ್ನು ಹೇಳದೆ ಉಳಿಸಿಕೊಂಡಿದ್ದರು: ಹಳೆಯ ಮನೆ ರಿಪೇರಿ ಮಾಡಿಸಿ ನೋಡು. ಅದನ್ನು ನಾನು ಮಾಡಿಸಿ ನೋಡಿದೆ. ರಿಪೇರಿ ಮಾಡಿಸಿದವರೆಲ್ಲ ಹಾಡುವುದು ಒಂದೇ ರಾಗ. ಗೌಂಡಿ ಹೇಳಿದ ದಿನ ಬರಲಿಲ್ಲ, ಬಂದವನು ಬೀಡಿ ಸೇದುತ್ತ ಕೂತ, ಎಂಟು ದಿನದ ಕೆಲಸವನ್ನು ಎರಡು ತಿಂಗಳು ಎಳೆದ. ನನ್ನ ಗೌಂಡಿ ಹಾಗಲ್ಲ. ಹೇಳಿದ ದಿನ, ಹೇಳಿದ ಹೊತ್ತಿಗೆ ಬರುತ್ತಿದ್ದ. ಬೀಡಿ ಮುಟ್ಟುತ್ತಿರಲಿಲ್ಲ. ಎಂಟು ದಿನದ ಕೆಲಸವನ್ನು ಏಳೇ ದಿನಕ್ಕೆ ಮುಗಿಸಿ ಕೈ ತೊಳೆದುಕೊಳ್ಳುತ್ತಿದ್ದ. ಇಂಥ ಗೌಂಡಿ ಸಿಕ್ಕರೆ ಬೇರೆಯವರು ದೇವರಿಗೆ ಕಾಯಿ ಒಡೆಸುತ್ತಾರೆ. ನಾನು ಕಂಗಾಲಾದೆ. ಅವನ ಚುರುಕುತನವನ್ನು ತಡೆಯುವುದಕ್ಕೆ ನಾನೊಂದು ಕೆಲಸ ಮಾಡಿದೆ. ಅದನ್ನು ಓಣಿಯಲ್ಲಿ ಯಾರಿಗಾದರೂ ಹೇಳಿ ಹಗುರಾಗೋಣವೆಂದರೆ ಓಣಿಯಲ್ಲಿ ಈಗ ಯಾರೂ ಇಲ್ಲ. ತಮ್ಮನಿಗೆ ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಸೊಲ್ಲಾಪುರದ ಹಳೆಯ ಪೇಟೆಯಲ್ಲಿ ನಮ್ಮದೊಂದು ವಾಡೆ. ಕೆಳಗೆ ಕಲ್ಲಿನ ಕಮಾನುಗಳ ಅಂಗಡಿ, ಹಿಂದೆ ಉಗ್ರಾಣ, ನಡುವೆ ಬಯಲು ಅಂಗಳ, ಮೇಲಿನ ಅಂತಸ್ತಿನಲ್ಲಿ ಬೀದಿಗೆ ಚಾಚಿಕೊಂಡ ಸಾಗವಾನಿಯ ಸಜ್ಜಾ. ಮೂರು ತಲೆಮಾರು ಇಲ್ಲಿ ಬೆಲ್ಲದ ಅಡತಿ ವ್ಯಾಪಾರ ನಡೆದದ್ದರಿಂದ ಊರವರು ಇದನ್ನು ಮರಾಠಿಯಲ್ಲಿ ಗುಳಾಚಾ ವಾಡಾ, ಅಂದರೆ ಬೆಲ್ಲದ ವಾಡೆ ಎನ್ನುತ್ತಾರೆ. ನಾವು ಇಬ್ಬರೇ ಅಣ್ಣತಮ್ಮಂದಿರು. ಅಪ್ಪ ಕಣ್ಣು ಮುಚ್ಚುವ ಮೊದಲು ಅಂಗಡಿಯ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟ, ತಮ್ಮ ಚಂದ್ರಕಾಂತನಿಗೆ ಹೆಣ್ಣು ಗೊತ್ತು ಮಾಡಿದ. ನನಗೂ ಹೆಣ್ಣು ನೋಡುವುದಿತ್ತು, ಸುಗ್ಗಿ ಮುಗಿಯಲಿ ಎಂದೆ. ಬೆಲ್ಲದ ವ್ಯಾಪಾರದಲ್ಲಿ ಸುಗ್ಗಿ ಮುಗಿಯುವಷ್ಟರಲ್ಲಿ ಮದುವೆಗಳ ಗಿರಾಕಿ ಬರುತ್ತದೆ, ಅದು ಮುಗಿದರೆ ಹಬ್ಬಗಳು, ಹಬ್ಬ ಮುಗಿದರೆ ಮತ್ತೆ ಗಾಣ ಹೂಡುತ್ತಾರೆ. ಊರವರ ಮದುವೆಗೆಲ್ಲ ಬೆಲ್ಲ ತೂಗಿ ಕೊಡುತ್ತ ಕೊಡುತ್ತ ನನಗೆ ಅರವತ್ತೊಂದಾಯಿತು.

ಆಮೇಲೆ ಅಡತಿಗಳೆಲ್ಲ ಮಾರ್ಕೆಟ್ ಯಾರ್ಡಿಗೆ ಹೋದವು. ನಮ್ಮದೂ ಹೋಯಿತು, ಈಗ ಚಂದ್ರಕಾಂತನೇ ನೋಡಿಕೊಳ್ಳುತ್ತಾನೆ. ವಿಜಾಪುರ ರಸ್ತೆಯ ಕಡೆ ಬಂಗಲೆ ಕಟ್ಟಿಸಿಕೊಂಡು, "ಅಣ್ಣಾ, ನಿನಗ ಸ್ವತಂತ್ರ ರೂಮ್ ಅದ, ಅಟ್ಯಾಚ್ ಬಾಥರೂಮ್ ಅದ, ಬಾ" ಎಂದು ಕರೆದ. ಹೋಗಿ ಹನ್ನೊಂದು ದಿನ ಇದ್ದೆ. ಅಲ್ಲಿ ಎಲ್ಲರಿಗೂ ಸ್ವತಂತ್ರ ರೂಮು. ಊಟಕ್ಕೆ ಮಾತ್ರ ಹೊರಗೆ ಬರುತ್ತಾರೆ, ಬಂದವರ ಕೈಯಲ್ಲಿ ಮೊಬೈಲು. ನನ್ನ ಕೊಠಡಿಯ ಬಾಗಿಲನ್ನು ದಿನಕ್ಕೆ ಎರಡು ಸಲ ಬಡಿಯುತ್ತಿದ್ದರು, ಎರಡು ಸಲವೂ ಊಟಕ್ಕೆ. ಆರು ಜನರ ನಡುವೆ ಒಬ್ಬನೇ ಇರುವುದಕ್ಕಿಂತ ಯಾರೂ ಇಲ್ಲದ ಕಡೆ ಒಬ್ಬನೇ ಇರುವುದು ಸಸಾರ ಎನ್ನಿಸಿ ವಾಡೆಗೆ ವಾಪಸಾದೆ. ಒಬ್ಬನೇ ಎಂದರೆ ನಿಜವಾಗಿಯೂ ಒಬ್ಬನೇ. ಎದುರಿನ ಬಟ್ಟೆ ವ್ಯಾಪಾರಿಗಳು ಬಂಗಲೆಗೆ ಹೋದರು, ಪಕ್ಕದ ಎಣ್ಣೆ ಅಂಗಡಿಯವರು ಪುಣೆಗೆ ಹೋದರು, ಮೂಲೆಯ ಮನೆಯನ್ನು ಕೆಡವಿ ಗಾಡಿ ನಿಲ್ಲಿಸುವ ಜಾಗ ಮಾಡಿದರು. ಹಗಲು ಹೊತ್ತು ಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ, ಶಟರು ಇಳಿದವೆಂದರೆ ನರಪಿಳ್ಳೆ ಇಲ್ಲ. ಗ್ಯಾಸ್ ಸಿಲಿಂಡರ್ ತರುವವನನ್ನು ಒಂದು ಸಲ ಕೂರಿಸಿಕೊಂಡು ಅವನ ಊರು, ಮಕ್ಕಳು, ಅವನ ಮಾವನ ಹೊಲದ ತಂಟೆ ಎಲ್ಲ ಕೇಳಿದೆ. ಮುಂದಿನ ತಿಂಗಳಿನಿಂದ ಅವನು ಸಿಲಿಂಡರನ್ನು ಹೊಸ್ತಿಲಲ್ಲಿ ಇಟ್ಟು, ಗಂಟೆ ಬಾರಿಸಿ, ಓಡಿಹೋಗತೊಡಗಿದ. ಅಂದು ನನಗೆ ಬಹಳ ಕೆಟ್ಟದೆನ್ನಿಸಿತು. ನಗು ಬರುವ ಮಾತೇ ನಿಜ, ಆದರೆ ನಗಲು ಜೊತೆಗೊಬ್ಬರು ಬೇಕಲ್ಲ.

ಹೀಗಿರುವಾಗ ಪಾಲಿಕೆಯವರು ನಮ್ಮ ಬಾಗಿಲಿಗೆ ಒಂದು ಕಾಗದ ಅಂಟಿಸಿ ಹೋದರು. ಈ ಇಮಾರತು ಅಪಾಯಕಾರಿಯಾಗಿದೆ, ಮಳೆಗಾಲದ ಒಳಗೆ ದುರಸ್ತಿ ಮಾಡಿಸಿ, ಇಲ್ಲವೇ ಕೆಡವಿ ಎಂಬ ಒಕ್ಕಣೆ. ತಪ್ಪೇನಿರಲಿಲ್ಲ. ಮುಂಗೋಡೆಯ ಗಾರೆ ಹಪ್ಪಳದ ಹಾಗೆ ಎದ್ದಿತ್ತು, ಸಜ್ಜಾದ ಎರಡು ತೊಲೆ ಗೆದ್ದಲು ಹಿಡಿದಿದ್ದವು, ಕಮಾನಿನ ಸಂದಿಯಲ್ಲಿ ಆಲದ ಸಸಿಯೊಂದು ಬಾಡಿಗೆ ಕೊಡದೆ ವಾಸವಾಗಿತ್ತು. ಸುದ್ದಿ ತಿಳಿದ ಚಂದ್ರಕಾಂತ ಒಬ್ಬ ಬಿಲ್ಡರನ ಸಮೇತ ಬಂದ. "ಅಣ್ಣಾ, ಕಶಾಲಾ ಹೇ ಸಗಳಂ? ಯಾಕ ಬೇಕು ಇದೆಲ್ಲಾ? ಕೆಡವಿ ಕಾಂಪ್ಲೆಕ್ಸ್ ಮಾಡೂಣು. ಕೆಳಗ ದುಕಾನು, ಮ್ಯಾಲ ನಿನಗೊಂದು ಫ್ಲ್ಯಾಟು, ಲಿಫ್ಟ್ ಸುದ್ದಾ ಇರ್ತದ" ಎಂದ. ನಾನು ಎದೆಯುಬ್ಬಿಸಿ, "ಅಜ್ಜ ಕಟ್ಟಿದ್ದನ್ನ ನಾ ಕೆಡವಂಗಿಲ್ಲ, ಇದ್ದಂಗ ದುರಸ್ತ ಮಾಡಸ್ತೀನಿ" ಎಂದುಬಿಟ್ಟೆ. ಪರಂಪರೆಯ ಅಭಿಮಾನ ಎಂದು ಅವನು ತಿಳಿದ. ನಾನೂ ಹಾಗೆಯೇ ತಿಳಿದಿದ್ದೆ. ಈಗ ಕೂತು ಯೋಚಿಸಿದರೆ, ಲಿಫ್ಟಿನಲ್ಲಿ ನನ್ನೊಬ್ಬನನ್ನೇ ಹಾಕಿಕೊಂಡು ಬಾಗಿಲು ಮುಚ್ಚಿಕೊಳ್ಳುವ ಚಿತ್ರ ಕಣ್ಣ ಮುಂದೆ ಬಂದು ಹೆದರಿದ್ದೆ, ಅಷ್ಟೇ.

ಇದ್ದ ಹಾಗೆ ದುರಸ್ತಿ ಮಾಡಿಸುವುದೆಂದರೆ ಬಾಯಿಮಾತಲ್ಲ. ನಮ್ಮ ಗೋಡೆ ಗಚ್ಚಿನದು. ಗಚ್ಚು ಎಂದರೆ ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿ, ಮರಳು ಕೂಡಿಸಿ ಅರೆದು ಮಾಡುವ ಗಾರೆ. ನಾನು ಕರೆಸಿದ ಗುತ್ತಿಗೆದಾರರೆಲ್ಲ ಗೋಡೆಯನ್ನು ನೋಡುವ ಮೊದಲೇ ಸಿಮೆಂಟಿನ ಚೀಲ ಎಣಿಸಲು ಶುರು ಮಾಡಿದರು. ಅಷ್ಟರಲ್ಲಿ ಬೀಗರೊಬ್ಬರ ಮನೆಯ ತೊಟ್ಟಿಲ ಕಾರ್ಯಕ್ಕೆಂದು ಅಕ್ಕಲಕೋಟೆಗೆ ಹೋಗಿದ್ದೆ. ಊಟ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ಬರುವಾಗ ಹಳೆಯ ಬಾಗಿಲೊಂದರ ಕಮಾನಿಗೆ ಒಬ್ಬಾತ ಗಚ್ಚು ಮೆತ್ತುತ್ತಿದ್ದ. ನನ್ನದೇ ವಯಸ್ಸು ಇರಬೇಕು. ತಲೆಗೆ ಟವೆಲು, ಮೊಣಕೈವರೆಗೆ ಸುಣ್ಣ. ಅವನ ಹೆಸರು ಭೀಮಶಾ, ಊರು ವಾಗದರಿ, ಕೆಲಸಕ್ಕಾಗಿ ಅಕ್ಕಲಕೋಟೆಯಲ್ಲಿ ಖೋಲಿ ಹಿಡಿದಿದ್ದಾನೆ. ಹೆಂಡತಿ ರುಕ್ಮವ್ವ ಸುಣ್ಣದ ಬುಟ್ಟಿ ಹೊತ್ತು ಕೊಡುತ್ತಾಳೆ. ನನ್ನ ವಾಡೆಯ ಸಂಗತಿ ಕೇಳಿ ಅವನು ಒಂದೇ ಕರಾರು ಹಾಕಿದ: "ಬರ್ತೀನ್ರಿ ಸಾವಕಾರ್ರ. ಖರೇ, ಸುಣ್ಣದ ಕೆಲಸದಾಗ ಯಾರೂ ನಡಬರಕ ಕೈ ಹಾಕಬಾರ್ದು. ಗಡಬಡಿನೂ ಮಾಡಬಾರ್ದು. ಸುಣ್ಣಾ ನೆನಿಬೇಕು, ಗ್ವಾಡಿ ನೆನಿಬೇಕು, ಗೌಂಡಿ ಸುದ್ದಾ ನೆನಿಬೇಕು." ನಾನು ಕೋಲೆಬಸವನ ಹಾಗೆ ತಲೆ ಆಡಿಸಿದೆ.

ಮರುವಾರದಿಂದ ಗಂಡಹೆಂಡಿರು ದಿನಾ ಬೆಳಿಗ್ಗೆ ಅಕ್ಕಲಕೋಟೆಯ ಎಸ್‌ಟಿ ಬಸ್ಸಿನಲ್ಲಿ ಬರತೊಡಗಿದರು. ಅಂಗಳದಲ್ಲಿ ಸುಣ್ಣದ ಗುಂಡಿ ತೋಡಿದರು. ಉಗ್ರಾಣದ ಬಾಗಿಲಲ್ಲಿ ಒಂದು ಡ್ರಮ್ಮು ಇಟ್ಟು ಅದರಲ್ಲಿ ಬಿಲ್ವದಕಾಯಿ, ಮೆಂತ್ಯೆ, ಸ್ವಲ್ಪ ಕರಿ ಬೆಲ್ಲ ನೆನೆಹಾಕಿದರು. ಆ ನೀರನ್ನು ಅಳತೆ ಮಾಡಿ ಗಚ್ಚಿಗೆ ಹಾಕಬೇಕು, ಆಗ ಅದು ಗೋಡೆಯನ್ನು ಗಟ್ಟಿಯಾಗಿ ಹಿಡಿಯುತ್ತದಂತೆ. ಎಷ್ಟೋ ವರ್ಷದ ಮೇಲೆ ನಮ್ಮ ಅಂಗಳದಲ್ಲಿ ಮನುಷ್ಯರ ಸದ್ದು ಕೇಳಿಸಿತು. ರುಕ್ಮವ್ವನ ಬಾಯಿ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. "ನಮ್ಮನಿಯಾಂವ ಗ್ವಾಡಿ ಸಂಗಟ ಮಾತಾಡ್ತಾನ್ರಿ, ನನ್ನ ಸಂಗಟ ಮಾತಾಡಂಗಿಲ್ಲ" ಎಂದು ಆಕೆ ದೂರಿದರೆ, "ಗ್ವಾಡಿ ಎದರ ಮಾತಾಡಂಗಿಲ್ಲ, ಅದಕ್ಕ" ಎಂದು ಅವನು ಮೇಲಿನಿಂದ ಹೇಳುತ್ತಿದ್ದ. ನಾನು ಕೆಳಗೆ ಕುರ್ಚಿ ಹಾಕಿಕೊಂಡು ಕೂತು ಎರಡೂ ಕಡೆ ನ್ಯಾಯ ಹೇಳುತ್ತಿದ್ದೆ. ಮೊದಲು ನಾಲ್ಕು ಗಂಟೆಗೆ ಒಂದು ಚಹಾ ಇತ್ತು. ಅದು ಹನ್ನೊಂದಕ್ಕೂ ಆಯಿತು, ಎರಡಕ್ಕೂ ಆಯಿತು. ಅಪ್ಪನ ಕಾಲದಲ್ಲಿ ಕೆಲಸದವರ ಚಹಾಕ್ಕೆ ಬೇರೆಯೇ ಕಪ್ಪುಗಳು ಹಿಂದಿನ ಗೂಡಿನಲ್ಲಿ ಬೋರಲು ಬಿದ್ದಿರುತ್ತಿದ್ದವು. ಅವನ ಮಗ ನಾನು, ಭೀಮಶಾನ ಪಕ್ಕದ ಮೆಟ್ಟಿಲಲ್ಲಿ ಕೂತು, ಅವನ ಕಪ್ಪು ಖಾಲಿಯಾಗದಿರಲಿ ಎಂದು ಕಣ್ಣಿಟ್ಟು ಕಾಯುತ್ತಿದ್ದೆ. ಕಪ್ಪು ಖಾಲಿಯಾದರೆ ಅವನು ಎದ್ದುಬಿಡುತ್ತಿದ್ದ.

ಮೊದಲ ತಪ್ಪು ನಾನು ಗೊತ್ತಿಲ್ಲದೆ ಮಾಡಿದೆ, ಇದಕ್ಕೆ ಶಿವನೇ ಸಾಕ್ಷಿ. ಭೀಮಶಾ ಒಂದು ಬುಟ್ಟಿ ಗಚ್ಚಿಗೆ ಒಂದು ತಂಬಿಗೆ ಬೆಲ್ಲದ ನೀರು ಅಳೆದು ಹಾಕುವುದನ್ನು ನೋಡಿ ನನ್ನ ಹೊಟ್ಟೆ ಉರಿಯಿತು. ಬೆಲ್ಲದ ವ್ಯಾಪಾರಿಯ ಮನೆಯ ಗೋಡೆಗೆ ಬೆಲ್ಲಕ್ಕೆ ಬರಗಾಲವೇ? ಅದೂ ಜಾನುವಾರಿಗೆ ಹಾಕುವ ಕರಿ ಬೆಲ್ಲ! ನಾಲಿಗೆಯ ತುದಿಗೆ ಹಚ್ಚಿ ಬೆಲ್ಲದ ಊರು ಹೇಳುವ ವಂಶ ನಮ್ಮದು. ಒಂದು ಬೆಳಿಗ್ಗೆ ಅವರು ಬರುವ ಮೊದಲೇ ಹಬ್ಬಕ್ಕೆಂದು ಇಟ್ಟ ಬಂಗಾರದ ಬಣ್ಣದ ಬೆಲ್ಲದ ಪೆಂಟಿಯೊಂದನ್ನು ಮೇಲಿನ ಅಡುಗೆಮನೆಯಲ್ಲಿ ಕರಗಿಸಿ ತಂದು ಇಡಿಯಾಗಿ ಡ್ರಮ್ಮಿಗೆ ಸುರಿದೆ. ಅಜ್ಜನಿಗೆ ತೃಪ್ತಿಯಾಗಿರಬೇಕು ಎಂದು ಕೈ ಮುಗಿದೆ. ಬೆಲ್ಲ ಹಿತಮಿತವಾಗಿದ್ದರೆ ಗಚ್ಚು ಕಲ್ಲಾಗುತ್ತದೆ, ಹೆಚ್ಚಾದರೆ ಒಣಗುವುದೇ ಇಲ್ಲ ಎಂಬುದು ನನಗೇನು ಗೊತ್ತು? ಮೂರು ದಿನವಾದರೂ ಕಮಾನಿನ ಮೇಲಿನ ಗಾರೆ ಹೋಳಿಗೆಯ ಹೂರಣದ ಹಾಗೆ ಮೆತ್ತಗೇ ಇತ್ತು. ಭೀಮಶಾ ಬೆರಳಿಟ್ಟು ನೋಡಿದ, ಮೂಸಿ ನೋಡಿದ. "ಯಾಕೋ ಒಣಗವಲ್ದಲ್ರಿ" ಎಂದು ಎಲ್ಲವನ್ನೂ ಕೆರೆದು ತೆಗೆದು ಹೊಸದಾಗಿ ಶುರು ಮಾಡಿದ. ಕೆಲಸ ಎಂಟು ದಿನ ಹಿಂದೆ ಬಿತ್ತು.

ನಾನು ಆಗಲೇ ಬಾಯಿ ಬಿಡಬೇಕಾಗಿತ್ತು. ಹಿಂಜರಿದೆ, ಮಾತು ಕೊಟ್ಟು ಕೈ ಹಾಕಿದ್ದೆನಲ್ಲ. ಆದರೆ ಆ ಎಂಟು ದಿನ ನನ್ನೊಳಗೆ ಆದದ್ದು ಬೇರೆಯೇ. ಬೆಳಿಗ್ಗೆ ಎದ್ದಾಗ, ಇವತ್ತೂ ಬರುತ್ತಾರೆ ಎಂಬ ಖುಷಿ. ಸ್ನಾನ ಮಾಡುವಾಗ ಹಾಡು. ಶಾಲೆಯ ದಸರಾ ರಜೆಯನ್ನು ಎಂಟು ದಿನ ಹೆಚ್ಚಿಸಿದರೆ ಆಗುವ ಸಂತೋಷ ಈ ವಯಸ್ಸಿನಲ್ಲಿ ಗೋಡೆ ಒಣಗದ್ದಕ್ಕೆ ಆಯಿತು. ಮುಂದೆ ಒಂದು ಮಧ್ಯಾಹ್ನ ಭೀಮಶಾ ಚಹಾ ಕುಡಿಯುತ್ತ, "ಇನ್ನ ನಾಕೈದು ದಿನದಾಗ ನಕ್ಕಿ ಮುಗಸ್ತೀನ್ರಿ, ಕಾಳಜಿ ಬ್ಯಾಡ" ಎಂದ. ಅಂದಿನಿಂದ ನಾನು ಕೆಲಸ ಹುಡುಕತೊಡಗಿದೆ. ಇಲ್ಲೊಂದು ಗೂಡು ಮಾಡು ಎಂದೆ, ಮಾಡಿದ. ಅದು ಗಿಡ್ಡಾಯಿತು ಎಂದೆ, ಎತ್ತರಿಸಿದ. ಮೆಟ್ಟಿಲಿನ ಅಂಚು ಡೊಂಕು ಎಂದೆ. ಅವನು ಓಳಂಬದ ದಾರ ಇಳಿಬಿಟ್ಟು ನೆಟ್ಟಗಿರುವುದನ್ನು ತೋರಿಸಿದ. ಡೊಂಕು ನನ್ನ ಕಣ್ಣಲ್ಲಿತ್ತು. ಏನೂ ನಡೆಯದಿದ್ದಾಗ, ಮರುದಿನ ಬೆಳಿಗ್ಗೆ ಆರಕ್ಕೆ, ಎರಡನೆಯ ಪೆಂಟಿ ಕರಗಿಸಿದೆ. ಈ ಸಲ ಅಜ್ಜನಿಗೆ ಕೈ ಮುಗಿಯಲಿಲ್ಲ. ಕೆಳಗಿಳಿಯುವಾಗ ಪಾತ್ರೆ ವಾಲಿ ಮೆಟ್ಟಿಲ ಮೇಲೆಲ್ಲ ಹನಿ ಚೆಲ್ಲಿತು. ಡ್ರಮ್ಮಿಗೆ ಸುರಿದು, ಕೋಲಿನಿಂದ ಕದಡಿ, ಒಳಗೆ ಹೋಗಿ ಏನೂ ಅರಿಯದವನಂತೆ ಪೇಪರ್ ಓದುತ್ತ ಕೂತೆ. ಪೇಪರ್ ತಲೆಕೆಳಗಾಗಿತ್ತು ಎಂದು ಬರೆದರೆ ನೀವು ನಗುತ್ತೀರಿ, ಆದರೆ ಹಾಗಿರಲಿಲ್ಲ. ಸರಿಯಾಗಿಯೇ ಹಿಡಿದಿದ್ದೆ. ಅಷ್ಟು ನಿರಾಳವಾಗಿ ಕಳ್ಳತನ ಮಾಡಿದ್ದೆ.

ಹೀಗೆ ಇನ್ನೂ ಎರಡು ಸಲ ಮಾಡಿದೆ. ಪ್ರತಿ ಸಲವೂ ಗಚ್ಚು ಕೈ ಕೊಟ್ಟಿತು, ಭೀಮಶಾ ಕೆರೆದು ತೆಗೆದ, ನನಗೆ ಏಳೆಂಟು ದಿನದ ಸಂಗಡ ಸಿಕ್ಕಿತು. ನಾನು ಮಾತ್ರ ಬೇಗ ಗಮನಿಸದೆ ಹೋದದ್ದು ಅವನ ಮಾತು ಕಡಿಮೆಯಾದದ್ದನ್ನು. ಮೊದಮೊದಲು ಸುಣ್ಣವನ್ನು ಬೈದ. ಸುಣ್ಣ ಬದಲಾಯಿಸಿದ. ಆಮೇಲೆ ಮರಳನ್ನು ಬೈದ, ಅದನ್ನು ನಾಲ್ಕು ಸಲ ತೊಳೆಸಿದ. ನಮ್ಮ ನಲ್ಲಿಯ ನೀರನ್ನು ಬೈದು ದೂರದ ಬಾವಿಯಿಂದ ರುಕ್ಮವ್ವನ ತಲೆ ಮೇಲೆ ನೀರು ಹೊರೆಸಿದ. ಬೈಯಲು ಬೇರೇನೂ ಉಳಿಯದಾದಾಗ ಸುಮ್ಮನಾದ. ಚಹಾ ಕೊಟ್ಟರೆ ಕಪ್ಪನ್ನು ಪಕ್ಕಕ್ಕಿಟ್ಟು ತನ್ನ ಎರಡೂ ಅಂಗೈ ಮುಂದೆ ಹಿಡಿದು ನೋಡುತ್ತ ಕೂರುತ್ತಿದ್ದ. ನಾನು ಊರ ಸುದ್ದಿ ತೆಗೆದರೆ "ಹೂಂ" ಎನ್ನುತ್ತಿದ್ದ. ಯಾರ ಮಾತಿಗಾಗಿ ನಾನು ಗೋಡೆಯನ್ನೇ ಹಾಳು ಮಾಡುತ್ತಿದ್ದೆನೋ ಅವನು ಮಾತು ನಿಲ್ಲಿಸಿದ್ದ. ಒಂದು ದಿನ, "ಕೈ ಹೋತ್ರಿ ಸಾವಕಾರ್ರ. ನಲವತ್ತು ವರ್ಷದಾಗ ಹಿಂಗ ಆಗಿದ್ದಿಲ್ಲ. ಕೈಯಾಗಿಂದು ಹೋಗ್ಯದ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಸತ್ತವರ ಸುದ್ದಿ ಹೇಳುವಾಗ ಇರುತ್ತದಲ್ಲ, ಅಂಥ ದನಿ. ಇನ್ನು ಬೆಲ್ಲ ಮುಟ್ಟುವುದಿಲ್ಲ, ನಾಳೆಯಿಂದ ಗೋಡೆ ತಾನಾಗಿ ಒಣಗುತ್ತದೆ, ಅವನ ಕೈ ತಾನಾಗಿ ವಾಪಸು ಬರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ ಎಂದು ಮನಸ್ಸಿನಲ್ಲೇ ಸೌದಾ ಕುದುರಿಸಿಕೊಂಡೆ.

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರು ಕಪ್ಪು ಚಹಾ ಮಾಡಿ ಮೂರನ್ನೂ ನಾನೇ ಕುಡಿದು ಫೋನು ಹಚ್ಚಿದೆ. "ಬ್ಯಾರೆಯವ್ರನ್ನ ನೋಡ್ರಿ ಸಾವಕಾರ್ರ. ಮಳಿ ಬರೂದ್ರಾಗ ನಿಮ್ಮ ಗ್ವಾಡಿ ಆಗ್ಬೇಕು, ನನ್ನ ಕೈಲೆ ನೀಗಂಗಿಲ್ಲ. ಇಲ್ಲೊಂದು ಅಪಾರ್ಟಮೆಂಟಿಗೆ ವಾಚಮನ್ ಬೇಕಾಗ್ಯಾನಂತ. ಹೋಗಬೇಕಂತ ಮಾಡೀನಿ" ಎಂದ ಭೀಮಶಾ. ನಲವತ್ತು ವರ್ಷ ಅರಮನೆ ಕಮಾನುಗಳಿಗೆ ಗಚ್ಚು ಹಾಕಿದವನು ಗೇಟಿನ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಾನೆ, ನನ್ನ ನಾಲ್ಕು ಪೆಂಟಿ ಬೆಲ್ಲದಿಂದ. ನಾನು ಚಪ್ಪಲಿ ಮೆಟ್ಟಿ ಎಸ್‌ಟಿ ಹತ್ತಿದೆ.

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಒಂದು ತಾಸಿನ ದಾರಿ. ಆ ಒಂದು ತಾಸಿನಲ್ಲಿ ನಾನು ಏಳು ಸುಳ್ಳುಗಳನ್ನು ತಯಾರಿಸಿದೆ. ಡ್ರಮ್ಮಿನ ಒಳಗೆ ಮೊದಲೇ ಕಾಕಂಬಿ ಅಂಟಿತ್ತು ಎನ್ನಬಹುದಾಗಿತ್ತು. ಚಂದ್ರಕಾಂತನ ಮೇಲೆ ಹಾಕಬಹುದಾಗಿತ್ತು. ಬಿಲ್ಡರನ ದುಡ್ಡಿನ ಆಸೆಗೆ ಅವನೇ ಮಾಡಿಸಿದ ಎಂದರೆ ಯಾರಾದರೂ ನಂಬುತ್ತಿದ್ದರು. ಮಂಗಗಳ ಮೇಲೂ ಹಾಕಿ ನೋಡಿದೆ. ಎಲ್ಲವೂ ಒಂದಕ್ಕಿಂತ ಒಂದು ಚೆನ್ನಾಗಿದ್ದವು. ಪಕ್ಕದಲ್ಲಿ ಕೂತ ಮುದುಕಿ, "ಏನ್ ಯಪ್ಪಾ, ನಿನ್ನಷ್ಟಕ್ಕ ನೀನ ಮಾತಾಡಾಕತ್ತಿ?" ಎಂದು ಕೇಳಿದಾಗ ಮಾತ್ರ ನಾನು ಸುಮ್ಮನಾದೆ.

ಭೀಮಶಾನ ಖೋಲಿಯ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ಏಳೆಂಟು ತೆಂಗಿನ ಚಿಪ್ಪುಗಳಿದ್ದವು. ಒಂದೊಂದರಲ್ಲೂ ಒಂದೊಂದು ಹದದ ಗಚ್ಚು. ಅವನು ಒಂದು ಚಿಪ್ಪನ್ನು ಎತ್ತಿ ಕಟ್ಟೆಗೆ ಕುಟ್ಟಿ ತೋರಿಸಿದ. ಒಳಗಿನದು ಕಲ್ಲಾಗಿತ್ತು. "ನೋಡ್ರಿ. ಇಲ್ಲಿ ಹಾಕಿದ್ದು ಎಲ್ಲಾ ಬರೋಬರ್ ಆಗ್ಯದ. ಅಲ್ಲಿ ಯಾಕ ಆಗವಲ್ದು? ನಿಮ್ಮ ಗ್ವಾಡಿಗೆ ನಾ ಸೇರಂಗಿಲ್ಲೋ ಏನೋ" ಎಂದ. ನನ್ನ ಏಳು ಸುಳ್ಳುಗಳೂ ಬಸ್ಸಿನಲ್ಲೇ ಉಳಿದುಹೋದವು.

"ಭೀಮಶಾ, ನಿನ್ನ ಕೈಗೆ ಏನೂ ಆಗಿಲ್ಲ. ಡ್ರಮ್ಮಿನಾಗ ನಾನ ಬೆಲ್ಲಾ ಹಾಕ್ತಿದ್ದೆ" ಎಂದೆ.

ಅವನು ಚಿಪ್ಪನ್ನು ಕೆಳಗಿಟ್ಟ. "ಎಷ್ಟ?" ಎಂದ.

"ಸಲಕ್ಕೊಂದು ಪೆಂಟಿ."

"ಎಷ್ಟ ಸಲ?"

"ನಾಕ ಸಲ. ಮದಲನೇದು ಗೊತ್ತಿಲ್ಲದ ಹಾಕಿದ್ದು. ಅದನ್ನ ಹಿಡೀಬ್ಯಾಡ" ಎಂದೆ. ವ್ಯಾಪಾರಿಯ ಬುದ್ಧಿ ನೋಡಿ, ತಪ್ಪೊಪ್ಪಿಗೆಯಲ್ಲೂ ರಿಯಾಯಿತಿ ಕೇಳುತ್ತದೆ.

ಒಳಗಿನಿಂದ ರುಕ್ಮವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಅಯ್ಯ ನನ್ನ ಶಿವನ! ನಾ ನೋಡೀನ್ರಿ ಅದನ್ನ. ನಿಮ್ಮ ಅಡಗಿಮನಿ ಹಿಡದು ಮೆಟ್ಲ ಮ್ಯಾಲಿಂದ ಡ್ರಮ್ಮಿನ ತನಕಾ ಇರವಿ ಸಾಲ ಹಚ್ಚಿದ್ವು. ಸಾವಕಾರ್ರು ಇರವಿಗಿ ಬೆಲ್ಲಾ ಹಾಕಿ ಪುಣ್ಯಾ ಕಟಗೊಳ್ಳಾಕತ್ತಾರ ಅಂತ ನಾ ತಿಳಕೊಂಡೆ. ಪ್ಯಾಟಿ ಮಂದಿ ಹಾಕ್ತಾರಲ್ರಿ!" ಎಂದಳು. ಪೇಟೆಯಲ್ಲಿ ನಿಜವಾಗಿಯೂ ಅಂಥವರಿದ್ದಾರೆ. ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಇರುವೆಗೂಡಿಗೆ ಸಕ್ಕರೆ ಚೆಲ್ಲಿ, ಆಮೇಲೆ ದಿನವಿಡೀ ತೂಕದಲ್ಲಿ ಅದನ್ನು ವಾಪಸು ಪಡೆಯುತ್ತಾರೆ. ನನ್ನ ಪಾಪ ಇಷ್ಟು ದಿನ ಅವಳ ಕಣ್ಣಿಗೆ ಪುಣ್ಯವಾಗಿ ಕಂಡಿತ್ತು. ಆಕೆ ನಕ್ಕಳು. ನಾನೂ ನಗಲು ನೋಡಿದೆ. ಭೀಮಶಾ ನಗಲಿಲ್ಲ.

"ಯಾಕ ಹಾಕಿದ್ರಿ?" ಎಂದ.

ಉತ್ತರ ಬಹಳ ಸಣ್ಣದಿತ್ತು, ಆದ್ದರಿಂದಲೇ ಬಾಯಿಂದ ಬೇಗ ಹೊರಡಲಿಲ್ಲ. "ಕೆಲಸ ಮುಗದ್ರ ನೀವು ಹೋಗ್ತೀರಲ್ಲ" ಎಂದೆ.

ಅವನು ಆ ಚಿಪ್ಪುಗಳನ್ನು ಒಂದೊಂದಾಗಿ ಮಗುಚಿಟ್ಟ. ಆಮೇಲೆ ಹೇಳಿದ: "ಮೂರು ವಾರ ನಾ ನನ್ನ ಕೈ ನೋಡ್ಕೋತ ಕುಂತೀನಿ, ಸಾವಕಾರ್ರ. ಉಣ್ಣೂದು ಸೇರಲಿಲ್ಲ. ನಮ್ಮ ಮಾಮಾ ಕಲಿಸಿದ್ದು ಇದೊಂದ ವಿದ್ಯಾ, ಇದೂ ಹೋತು ಅಂತ ತಿಳಕೊಂಡೆ. ಕುಂಡ್ರು ಅಂದಿದ್ರ ಕುಂಡ್ರತಿದ್ದೆ. ಅಷ್ಟಕ್ಕ ಗ್ವಾಡಿ ಯಾಕ ಕೆಡಸಿದ್ರಿ?"

ನನಗೆ ಯಾರೂ ಇಷ್ಟು ನೇರವಾಗಿ ಬೈದಿರಲಿಲ್ಲ. ಬೈಯಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ. ರುಕ್ಮವ್ವ ರೊಟ್ಟಿ ಉಂಡು ಹೋಗಿರಿ ಎಂದಳು. ಉಂಡೆ. ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ. ಭೀಮಶಾ ತಲೆ ಎತ್ತದೆ ಉಂಡ. ಆದರೂ ಬಹಳ ವರ್ಷಗಳ ಮೇಲೆ ನಾನು ಎರಡನೆಯ ರೊಟ್ಟಿ ಹಾಕಿಸಿಕೊಂಡದ್ದು ಅಂದೇ ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ.

ಸೋಮವಾರ ಇಬ್ಬರೂ ಬಂದರು. ಭೀಮಶಾ ಡ್ರಮ್ಮನ್ನು ಮಗುಚಿ ತಿಕ್ಕಿ ತೊಳೆದು, ತಾನೇ ಊರಿಂದ ತಂದ ಕರಿ ಬೆಲ್ಲವನ್ನು ಗಂಟು ಬಿಚ್ಚಿ ಹಾಕಿ, ಮೇಲೊಂದು ಹಲಗೆ ಮುಚ್ಚಿ, ಹಲಗೆಯ ಮೇಲೆ ಇಬ್ಬರು ಎತ್ತುವಂಥ ಕಲ್ಲು ಇಟ್ಟ. ನನ್ನ ಕಡೆ ನೋಡಲಿಲ್ಲ. ಹನ್ನೊಂದರ ಚಹಾ ತಂದರೆ "ಬ್ಯಾಡ್ರಿ, ಕೆಲಸ ಅದ" ಎಂದ. ಎರಡರದ್ದಕ್ಕೂ ಅದೇ ಉತ್ತರ. ನಾನು ಕುರ್ಚಿಯನ್ನು ದೂರಕ್ಕೆ ಸರಿಸಿಕೊಂಡು ಕೂತೆ. ಆದರೆ ಅವನ ಕೈಯನ್ನು ನೋಡಬೇಕಾಗಿತ್ತು! ಕರಣೆ ಗೋಡೆಯ ಮೇಲೆ ಓಡುತ್ತಿದ್ದರೆ ರೇಷ್ಮೆ ಸೀರೆಯ ಮಡಿಕೆ ಬಿಡಿಸಿದಂತಿತ್ತು. ಐದನೆಯ ದಿನಕ್ಕೆ ಮುಂಗೋಡೆ, ಕಮಾನು, ಗೂಡು, ಮೆಟ್ಟಿಲು ಎಲ್ಲ ಮುಗಿಯಿತು. ಹೊರಡುವಾಗ ಅಂಗೈಯನ್ನು ಗೋಡೆಯ ಮೇಲೆ ಒತ್ತಿ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತ. "ಹಿಡದದ" ಎಂದ. ನನಗೆ ಹೇಳಿದ್ದಲ್ಲ, ಗೋಡೆಗೆ ಹೇಳಿದ್ದು. ಆಮೇಲೆ ನನ್ನ ಕಡೆ ತಿರುಗಿ, "ತಿಂಗಳ ತನಕಾ ದಿನಾ ಎರಡು ಸಲ ನೀರು ಹೊಡೀರಿ. ನೀರು ಅಷ್ಟ" ಎಂದ. ಕೊನೆಯ ದಿನದ ಚಹಾವನ್ನು ಮಾತ್ರ ಅರ್ಧ ಕಪ್ಪು ಕುಡಿದ. ರುಕ್ಮವ್ವ ತನ್ನದರ ಜೊತೆಗೆ ಅವನ ಉಳಿದರ್ಧವನ್ನೂ ಕುಡಿದು, "ಬರ್ತೀವ್ರಿ ಯಣ್ಣಾ" ಎಂದಳು. ಸಾವಕಾರ ಎನ್ನಲಿಲ್ಲ. ಅದನ್ನು ನಾನು ಗಮನಿಸಿದೆ.

ಪಾಲಿಕೆಯವರು ಬಂದು ನೋಡಿ ಕಾಗದ ಹರಿದುಕೊಂಡು ಹೋದರು. ಬಡಗಿ ಬಂದು ಎರಡು ದಿನದಲ್ಲಿ ತೊಲೆ ಬದಲಾಯಿಸಿದ, ಅವನ ತಂಟೆಗೆ ನಾನು ಹೋಗಲಿಲ್ಲ. ಚಂದ್ರಕಾಂತ ಹೆಂಡತಿ ಮಕ್ಕಳ ಸಮೇತ ಕಾರಿನಲ್ಲಿ ಬಂದ. ಎಲ್ಲರೂ ಸಜ್ಜಾದ ಕೆಳಗೆ ನಿಂತು ಫೋಟೋ ತೆಗೆದುಕೊಂಡರು. "ಅಣ್ಣಾ, ಏಕ ನಂಬರ್ ಆಗ್ಯದ. ಇದನ್ನ ಕಲ್ಯಾಣ ಮಂಟಪದವ್ರಿಗೆ ಫೋಟೋ ಶೂಟಿಗೆ ಬಾಡಿಗಿ ಕೊಡಬಹುದು ನೋಡು" ಎಂದ ಚಂದ್ರಕಾಂತ. ಅವರು ಬಂದು ಹೋದದ್ದು ಅರ್ಧ ತಾಸು. ಹೋದ ಮೇಲೆ ಮನೆಯವರ ಮೊಬೈಲ್ ಗುಂಪಿನಲ್ಲಿ ಫೋಟೋ ಕಳಿಸಿದರು. ಎಲ್ಲರೂ ಚೆನ್ನಾಗಿ ಬಂದಿದ್ದರು. ನಾನು ಫೋಟೋ ತೆಗೆದವನಾದ್ದರಿಂದ ಅದರಲ್ಲಿ ಇರಲಿಲ್ಲ.

ಈಗ ಮಳೆಗಾಲ. ತಿಂಗಳು ಮುಗಿದರೂ ನಾನು ಗೋಡೆಗೆ ನೀರು ಹೊಡೆಯುತ್ತಲೇ ಇದ್ದೆ. ಜೋರು ಮಳೆಯಲ್ಲಿ ಕೊಡೆ ಹಿಡಿದು ಪೈಪು ಹಿಡಿದದ್ದನ್ನು ನೋಡಿ ಎದುರಿನ ಅಂಗಡಿಯ ಸೇಲ್ಸ್‌ಮನ್ನುಗಳು ನಕ್ಕ ಮೇಲೆ ನಿಲ್ಲಿಸಿದೆ. ಆಮೇಲೆ ದಿನಾ ಬೆಳಿಗ್ಗೆ ಬ್ಯಾಟರಿ ಹಾಕಿಕೊಂಡು ಒಂದು ಸುತ್ತು ಬರತೊಡಗಿದೆ. ಎಲ್ಲಾದರೂ ಒಂದು ಬಿರುಕು, ಒಂದು ಗುಳ್ಳೆ, ಒಂದು ತೇವದ ಕಲೆ. ಇಷ್ಟು ದೊಡ್ಡ ವಾಡೆಯಲ್ಲಿ ಒಂದೇ ಒಂದು ಕೂದಲೆಳೆಯಷ್ಟು ದೋಷ ಬೇಡವೇ? ಇಲ್ಲ. ಹಾಳಾದವನು ಅಷ್ಟು ಚೆನ್ನಾಗಿ ಮಾಡಿ ಹೋಗಿದ್ದಾನೆ. ಕೊನೆಗೆ ನಿನ್ನೆ ಮಧ್ಯಾಹ್ನ ತಡೆಯದೆ ಫೋನು ಹಚ್ಚಿದೆ.

"ಏನ್ರಿ ಸಾವಕಾರ್ರ, ಗ್ವಾಡಿಗೇನರ ಆಗ್ಯದೇನು?" ಎಂದ. ಹಿಂದೆ ಯಾರೋ ಮರಳು ಜರಡಿ ಹಿಡಿಯುವ ಸದ್ದು. ಎಲ್ಲೋ ಕೆಲಸದ ಮೇಲೆ ಇದ್ದ. ವಾಚಮನ್ ಆಗಿರಲಿಲ್ಲ.

"ಸಣ್ಣ ಬಿರಕ ಬಿಟ್ಟಂಗ ಕಾಣಸ್ತದ" ಎಂದೆ.

"ಎಲ್ಲಿ?"

ನಾನು ಸುತ್ತ ನೋಡಿದೆ. "ಕಮಾನಿನ ಮ್ಯಾಲ... ಎಡಕ್ಕ" ಎಂದೆ.

ಭೀಮಶಾ ಗಟ್ಟಿಯಾಗಿ ನಕ್ಕ. ನಮ್ಮ ಅಂಗಳದಲ್ಲಿ ಮೊದಲ ವಾರ ಕೇಳಿದ ನಗು. "ಆಗಂಗಿಲ್ಲ ತಗೋರಿ. ನನ್ನ ಗಚ್ಚು ಬಿರಕ ಬಿಡಂಗಿಲ್ಲ. ನೀವೂ ನಾನೂ ಹೋದ ಮ್ಯಾಲೂ ಬಿಡಂಗಿಲ್ಲ" ಎಂದ. ಆ ಮಾತು ಕೇಳಿ ನನ್ನ ಎದೆಯ ಮೇಲಿನ ಭಾರ ಇಳಿಯಿತು, ಸುಳ್ಳಲ್ಲ. ಕಣ್ಣಲ್ಲಿ ನೀರು ಬಂತು. ಅವನ ಕೈ ಅವನಿಗೆ ಸಿಕ್ಕಿತ್ತು. ಅವನೇ ಮೆಲ್ಲಗೆ ಕೇಳಿದ: "ಮತ್ತೇನ್ರಿ?"

ಹೇಳಬೇಕಾದದ್ದು ಎರಡೇ ಮಾತು. ಬಾ, ಕುಂಡ್ರು. ಅವನೇ ಕಲಿಸಿಕೊಟ್ಟ ಮಾತು. ಹರಾಜಿನ ಸವಾಲಿನಲ್ಲಿ ನಿಂತು ಬೆಲ್ಲದ ಧಾರಣೆ ಕೂಗಿ ಕೂಗಿ ಗಂಟಲು ಗಟ್ಟಿ ಮಾಡಿಕೊಂಡ ಮನುಷ್ಯ ನಾನು, ನೂರು ಜನ ತಿರುಗಿ ನೋಡುವ ಹಾಗೆ ಕೂಗಬಲ್ಲೆ. ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೆ. ಅತ್ತ ಜರಡಿಯ ಸದ್ದು ನಿಂತಿತ್ತು, ಅವನು ಕಾಯುತ್ತಿದ್ದ.

"ಮತ್ತೇನಿಲ್ಲ" ಎಂದು, ಬಹಳ ಕೆಲಸವಿರುವವನ ಹಾಗೆ, ನಾನೇ ಮೊದಲು ಫೋನು ಇಟ್ಟೆ.